ಭಾಂಡೆ ಮಾರಾಕಿ ಬ್ಯಾಡ ಅಂದ ಅರಿವಿ ಸುನಾಮಿಗೆ ಹೋತು

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಮ್ಮ ಓಣಿಗೆ ಒಂದು ಟಾಟಾ ಏಸ್ ಬಂತು. ಮುಂದೆ ಬ್ಯಾನರು, ಮೇಲೆ ಮೈಕು. ‘ನೆರೆ ಸಂತ್ರಸ್ತರಿಗೆ ನೆರವಾಗಿರಿ, ಮನ್ಯಾಗಿನ ಹಳೇ ಬಟ್ಟೆ ಕೊಡ್ರಿ’ ಎಂದು ಒಬ್ಬ ಹುಡುಗ ಕೂಗುತ್ತಿದ್ದ. ಕಟ್ಟೆ ಇಳಿದು ಹೋಗಿ ‘ಯಾವ ಊರಿಗಪಾ ಇವು?’ ಎಂದು ಕೇಳಿದೆ. ‘ಅದಿನ್ನೂ ಫಿಕ್ಸ್ ಆಗಿಲ್ಲರಿ ಅಜ್ಜಾರ. ಮೊದಲ ಅರಿವಿ ಕೂಡಲಿ, ಆಮ್ಯಾಲೆ ನೋಡೂದು’ ಎಂದ.

ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಭಾನುವಾರ ಮಲಗುವುದು ಬಿಟ್ಟು ಬಿಸಿಲಲ್ಲಿ ತಿರುಗುವವರು ಅವರು. ಆದರೆ 2005ರ ಜನವರಿಯಲ್ಲಿ ನಾನೂ ಇದೇ ಮಾತು ಆಡಿದ್ದೆ, ಅದಕ್ಕೇ ಈ ಪತ್ರ. ಉದ್ದವಾದರೆ ಕತ್ತರಿಸಿಕೊಳ್ಳಿ. ಕತ್ತರಿ ಹಿಡಿದೇ ಬದುಕಿದವನು ನಾನು, ಬೇಜಾರಿಲ್ಲ.

ಹುಬ್ಬಳ್ಳಿಯ ದುರ್ಗದ ಬೈಲಿನ ಹತ್ತಿರದ ಒಂದು ಸಂದಿಯಲ್ಲಿ 38 ವರ್ಷ ಹೊಲಿಗೆ ಅಂಗಡಿ ಇಟ್ಟಿದ್ದೆ. ಹೆಣ್ಣುಮಕ್ಕಳ ಕುಬಸ, ಸಾಲಿ ಹುಡುಗರ ಯೂನಿಫಾರ್ಮು, ಸೀಜನ್ನಿನಲ್ಲಿ ಒಂದಿಷ್ಟು ಪ್ಯಾಂಟು ಶರ್ಟು. 2004ರ ಡಿಸೆಂಬರ್ 26 ಭಾನುವಾರ. ಸಂಕ್ರಮಣದ ಕುಬಸಗಳಿದ್ದವು ಎಂದು ಅಂಗಡಿ ತೆರೆದಿದ್ದೆ. ಮಧ್ಯಾಹ್ನ ಎದುರಿನ ಚಹಾದಂಗಡಿಯ ಟಿವಿಯ ಮುಂದೆ ಜನ ಕೂಡಿದ್ದು ನೋಡಿ ನಾನೂ ಹೋಗಿ ನಿಂತೆ. ‘ಸುನಾಮಿ’ ಎಂಬ ಶಬ್ದವನ್ನು ಆವತ್ತೇ ಮೊದಲು ಕೇಳಿದ್ದು. ಅಲ್ಲಿದ್ದವರಲ್ಲಿ ಒಬ್ಬ ಅದು ಚಂಡಮಾರುತದ ಹೆಸರು ಅಂದ, ಇನ್ನೊಬ್ಬ ಊರಿನ ಹೆಸರು ಅಂದ.

ಆಮೇಲೆ ಓದಿ ತಿಳಿದುಕೊಂಡೆ. ಅಂದು ಬೆಳಿಗ್ಗೆ ನಮ್ಮ ಗಡಿಯಾರದ ಪ್ರಕಾರ 6 ಗಂಟೆ 29 ನಿಮಿಷಕ್ಕೆ ಇಂಡೊನೇಷ್ಯಾದ ಸುಮಾತ್ರ ದ್ವೀಪದ ಪಕ್ಕ ಸಮುದ್ರದ ತಳ ನಡುಗಿತು. 9.1 ತೀವ್ರತೆ. ಭೂಮಿಯ ಒಂದು ಪದರ ಇನ್ನೊಂದರ ಅಡಿಗೆ ತೂರುತ್ತಾ ಬಂದು, ನೂರಾರು ವರ್ಷ ಬಿಗಿದುಕೊಂಡಿದ್ದು ಒಮ್ಮೆಲೇ ಬಿಚ್ಚಿಕೊಂಡಿತಂತೆ. ಟಾಕಿ ಕಿತ್ತರೆ ಹೊಲಿಗೆ ಸರಸರ ಬಿಡುತ್ತಾ ಹೋಗುತ್ತದಲ್ಲ, ಹಾಗೆ ಸುಮಾತ್ರದಿಂದ ಅಂಡಮಾನಿನವರೆಗೆ ಸುಮಾರು 1,300 ಕಿ.ಮೀ. ಸೀಳಿತು. ಹುಬ್ಬಳ್ಳಿ-ಬೆಂಗಳೂರು ದಾರಿಯ ಮೂರು ಪಟ್ಟು. ಮೇಲೆದ್ದ ನೀರು ನಮ್ಮ ಪೂರ್ವ ಕರಾವಳಿ ಮುಟ್ಟಲು ಎರಡು ಎರಡೂವರೆ ತಾಸು ತೆಗೆದುಕೊಂಡಿತು. ಎರಡು ತಾಸಿನಲ್ಲಿ ನಾನು ಎರಡು ಕುಬಸ ಹೊಲಿದು ಮುಗಿಸುತ್ತಿದ್ದೆ. ಅಷ್ಟು ಹೊತ್ತು ಇದ್ದರೂ ದಂಡೆಯ ಮೇಲಿದ್ದವರಿಗೆ ಹೇಳುವ ಏರ್ಪಾಡೇ ಇರಲಿಲ್ಲ. 14 ದೇಶಗಳಲ್ಲಿ ಎರಡೂಕಾಲು ಲಕ್ಷ ಜನ ಹೋದರು. ತಮಿಳುನಾಡಿನಲ್ಲಿ ಸತ್ತ ಸುಮಾರು 8,000 ಮಂದಿಯಲ್ಲಿ 6,000 ಮಂದಿ ನಾಗಪಟ್ಟಣಂ ಒಂದೇ ಜಿಲ್ಲೆಯಲ್ಲಿ ಹೋದವರು. ಕ್ರಿಸ್‌ಮಸ್ಸಿಗೆಂದು ಅಲ್ಲಿನ ವೇಳಾಂಕಣ್ಣಿ ಚರ್ಚಿಗೆ ಬಂದಿದ್ದ ಬೇರೆ ಊರುಗಳ ಭಕ್ತರೂ ಅದರಲ್ಲಿ ಸೇರಿದ್ದರು.

ನಮ್ಮ ಪೇಟೆಯ ಹುಡುಗರು ಒಂದು ಲಾರಿ ಸಾಮಾನು ಕಳಿಸುವುದೆಂದು ಎದ್ದು ನಿಂತರು. ಅಕ್ಕಿ, ಬಿಸ್ಕಿಟು, ಎಲ್ಲಕ್ಕಿಂತ ಹೆಚ್ಚಾಗಿ ಬಟ್ಟೆ. ನಾಲ್ಕು ದಿನದಲ್ಲಿ 40 ಗೋಣಿ ಗಂಟು. ಸಿಂಪಿಗ ಎಂದು ಆರಿಸಿಕೊಡಲು ನನ್ನನ್ನು ಕರೆದರು. ಗಂಟು ಬಿಚ್ಚಿದರೆ ಗುಂಡಿಯಿಲ್ಲದ ಅಂಗಿ, ಜಿಪ್ಪು ಕಿತ್ತ ಪ್ಯಾಂಟು, ಕುಂಡಿ ಸವೆದ ಚಡ್ಡಿ, ಗರಗಸದ ಹಲ್ಲಿನಂತೆ ಅಂಚು ಹರಿದ ಟವೆಲ್ಲು. ನಮ್ಮ ಓಣಿಗಳಲ್ಲಿ ಹಳೇ ಅರಿವಿಗೆ ಭಾಂಡೆ ಕೊಡುವ ಹೆಂಗಸರು ಬರುತ್ತಾರಲ್ಲ, ಅವರು ಅರಿವಿಯನ್ನು ಬಿಸಿಲಿಗೆ ಹಿಡಿದು ನೋಡುತ್ತಾರೆ. ಬೆಳಕು ತೂರಿಬಂದರೆ ‘ಬ್ಯಾಡವಾ, ಇದು ಕೌದಿಗೂ ಬರೂದುಲ್ಲ’ ಎಂದು ಬಿಸಾಕುತ್ತಾರೆ. ಅಕೀ ಬ್ಯಾಡ ಅಂದ ಅರಿವಿಯೆಲ್ಲ ನಮ್ಮ ಗಂಟಿನಲ್ಲಿತ್ತು.

‘ಇರಲಿ ಬಿಡ್ರಿ, ಏನೂ ಇಲ್ಲದವರಿಗೆ ಇದೂ ಆದೀತು’ ಎಂದವನು ನಾನೇ. ಅಷ್ಟಕ್ಕೇ ಬಿಡಲಿಲ್ಲ. ನನ್ನ ಅಂಗಡಿಯಲ್ಲಿ ಗಿರಾಕಿಗಳು ಒಯ್ಯದೆ ಬಿಟ್ಟ ಮಾಲಿತ್ತು, ಅಳತೆ ತಪ್ಪಿದ ಕುಬಸಗಳು, ಹನ್ನೊಂದೋ ಹನ್ನೆರಡೋ ಪ್ಯಾಂಟುಗಳು. ಜೊತೆಗೊಂದು ಕಪ್ಪು ಕೋಟು. ಯಾರೋ ಲಗ್ನಕ್ಕೆಂದು ಹೊಲಿಸಿ, ಮುಂಗಡ ಕೊಟ್ಟು, ಬಾರದೇ ಹೋಗಿದ್ದ. ಲಗ್ನ ಮುರೀತೋ ಏನೋ. ಮೂಲೆ ಖಾಲಿಯಾಯಿತು ಎಂದು ಅದನ್ನೂ ಗಂಟಿಗೆ ಹಾಕಿದೆ. ಸಮುದ್ರದ ದಂಡೆಯಲ್ಲಿ ಮನೆ ಕಳೆದುಕೊಂಡ ಮೀನುಗಾರನಿಗೆ ಹುಬ್ಬಳ್ಳಿಯಿಂದ ಮದುವೆ ಕೋಟು! ಇದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ.

ಲಾರಿಯ ಜೊತೆ ಮೂವರು ಹೋದೆವು. ಬೆಂಗಳೂರು, ಸೇಲಂ, ತಿರುಚ್ಚಿ, ತಂಜಾವೂರು ದಾಟಿ ಮೂರನೇ ದಿನ ನಾಗಪಟ್ಟಣಂ. ಡ್ರೈವರ್ ಸೇಲಂ ಕಡೆಯವನಾದ್ದರಿಂದ ಭಾಷೆಗೆ ಅವನೇ ದಿಕ್ಕು. ಊರು ಇನ್ನೂ ದೂರವಿದ್ದಾಗಲೇ ರಸ್ತೆಯ ಎರಡೂ ಬದಿ ಬಣ್ಣಬಣ್ಣದ ದಿಬ್ಬಗಳು ಕಂಡವು. ನಾನು ಸಂತೆ ಎಂದುಕೊಂಡೆ. ಹತ್ತಿರ ಹೋದರೆ ಬಟ್ಟೆ. ಲಾರಿಗಟ್ಟಲೆ ಬಟ್ಟೆ, ಕೆಸರಿನಲ್ಲಿ. ಒಂದು ದಿಬ್ಬದ ಮೇಲೆ ಆಡುಗಳು ಮಲಗಿದ್ದವು. ನಮಗಿಂತ ಮುಂಚೆ ದೇಶದ ಮೂಲೆಮೂಲೆಯಿಂದ ಬಂದವರು ಸುರಿದು ಹೋಗಿದ್ದರು. ಅದನ್ನು ಎತ್ತಿ ಸಾಗಿಸಲು ಜನ, ಗಾಡಿ ಬೇರೆ ಹಚ್ಚಬೇಕಾಗಿತ್ತು. ಹೆಣ ಹುಡುಕಬೇಕಾದ ಕೈಗಳು ನಮ್ಮ ಹಳೇ ಪ್ಯಾಂಟು ಎತ್ತುತ್ತಿದ್ದವು. ಒಂದು ತಿರುವಿನಲ್ಲಿ ಸ್ವಯಂಸೇವಕ ಹುಡುಗನೊಬ್ಬ ಲಾರಿ ನಿಲ್ಲಿಸಿ ಒಳಗೆ ಏನಿದೆ ಎಂದು ಕೇಳಿದ. ಡ್ರೈವರ್ ಹೇಳಿದ್ದಕ್ಕೆ ಕೈಮುಗಿದು ‘ತುಣಿ ವೇಂಡಾಂ’ ಅಂದ. ಬಟ್ಟೆ ಬೇಡ. ತಮಿಳಿನಲ್ಲಿ ನಾನು ಕಲಿತ ಮೊದಲ ಮಾತು ಅದು.

ಅಕ್ಕರೈಪೇಟ್ಟೈ ಎಂಬ ಮೀನುಗಾರರ ಕೇರಿಯ ಜನ ಉಳಿದುಕೊಂಡಿದ್ದ ಕಡೆಗೆ ಅಕ್ಕಿ ಇಳಿಸಲು ಹೋದೆವು. ಕೇರಿಯಲ್ಲಿ ಮನೆ ಇದ್ದ ಜಾಗದಲ್ಲಿ ಬೋಟು, ಬೋಟು ಇರಬೇಕಾದ ಜಾಗದಲ್ಲಿ ಏನೂ ಇಲ್ಲ. ಒಂದು ಮಾತು ನನಗೆ ಅಲ್ಲಿ ಹೋಗುವ ತನಕ ಹೊಳೆದಿರಲಿಲ್ಲ: ಇವರು ಬಡವರಲ್ಲ. ಆ ಶನಿವಾರದ ರಾತ್ರಿಯವರೆಗೆ ಬೋಟಿನಲ್ಲಿ ಪಾಲು, ಮನೆಯಲ್ಲಿ ಫ್ರಿಜ್ಜು, ಮಗಳ ಲಗ್ನಕ್ಕೆ ಕೂಡಿಟ್ಟ ಬಂಗಾರ ಇದ್ದ ಮಂದಿಯೂ ಅವರಲ್ಲಿದ್ದರು. ಒಬ್ಬ ಮುದುಕಿ ನಮ್ಮ ಗಂಟಿನಿಂದ ಒಂದು ಕುಬಸ ಎತ್ತಿಕೊಂಡಳು. ಬಗಲಿನ ಬೆವರಿನ ಕಲೆ ನೋಡಿದಳು. ಬೈಯಲಿಲ್ಲ, ಬಿಸಾಕಲಿಲ್ಲ. ಅಂಗೈಯಿಂದ ಸವರಿ, ನೀಟಾಗಿ ನಾಲ್ಕು ಮಡಿಕೆ ಮಾಡಿ, ಎಲ್ಲಿತ್ತೋ ಅಲ್ಲೇ ಇಟ್ಟಳು. ಆ ಮಡಿಕೆಯನ್ನು ನಾನು ಸಾಯುವ ತನಕ ಮರೆಯುವುದಿಲ್ಲ.

ಆಗ ಇನ್ನೊಬ್ಬಾಕೆ ಡ್ರೈವರನ ಹತ್ತಿರ ಮೆಲ್ಲಗೆ ಏನೋ ಕೇಳಿದಳು. ಅವನು ನಾಚಿಕೊಂಡು ನನ್ನ ಕಡೆ ತಿರುಗಿ, ‘ಪಾವಾಡೈ ಕೇಳ್ತಾರೆ’ ಅಂದ. ನನಗೆ ತಿಳಿಯಲಿಲ್ಲ. ಸೊಂಟ ತೋರಿಸಿದ. ಲಂಗ! ಸೀರೆಗಳು ಎಲ್ಲೆಲ್ಲಿಂದಲೋ ಸಾಕಷ್ಟು ಬಂದಿದ್ದವು, ಹೊಸವೂ ಇದ್ದವು. ಒಳಗೆ ಉಡುವ ಲಂಗ ಯಾರೂ ಕಳಿಸಿರಲಿಲ್ಲ. ಆಕೆ ಸೀರೆಯನ್ನು ಸೊಂಟಕ್ಕೆ ಹಗ್ಗ ಕಟ್ಟಿ ನಿಲ್ಲಿಸಿಕೊಂಡಿದ್ದಳು. ಕುಬಸಗಳು ಬಂದಿದ್ದವು, ಆದರೆ ಇನ್ನೊಬ್ಬರ ಅಳತೆಯ ಕುಬಸ ಯಾರಿಗೆ ಕೂಡುತ್ತದೆ? ಲೋಕದಲ್ಲಿ ಎರಡು ಬೆನ್ನು ಒಂದೇ ಅಳತೆಯವು ಇರುವುದಿಲ್ಲ. ಇದನ್ನು ಹೇಳಲು ಸಿಂಪಿಗನೇ ಆಗಬೇಕಿಲ್ಲ, ಆದರೆ ಸಿಂಪಿಗನಾದ ನನಗೇ ಹುಬ್ಬಳ್ಳಿಯಲ್ಲಿ ಅದು ನೆನಪಾಗಿರಲಿಲ್ಲ.

ಲಾರಿ ಅಕ್ಕಿ ಇಳಿಸಿ ಹೊರಟಿತು. ನಾನು ಉಳಿದೆ. ಹತ್ತಿರದಲ್ಲೇ ಒಬ್ಬ ದರ್ಜಿ ಇದ್ದಾನೆಂದು ತಿಳಿದು ಹುಡುಕಿಕೊಂಡು ಹೋದರೆ, ಆತನ ಮಷೀನಿನ ಹೊಟ್ಟೆ ತುಂಬ ಉಸುಕು. ಉಪ್ಪುನೀರು ಕುಡಿದ ಕಬ್ಬಿಣ ಹತ್ತು ದಿನದಲ್ಲಿ ಹೇಗಾಗುತ್ತದೆ ಎಂಬುದು ಬಯಲುಸೀಮೆಯವನಾದ ನನಗೆ ಗೊತ್ತಿರಲಿಲ್ಲ. ಪುಡಿ ಉದುರುತ್ತಿತ್ತು. ಸೀಮೆಎಣ್ಣೆ ಹಾಕಿ ನೆನೆಸಿ, ಇಬ್ಬರೂ ಒಂದಿಡೀ ದಿನ ಕೂತು ಬಿಚ್ಚಿದೆವು. ಶಟಲ್ಲು, ಬಾಬಿನ್ನು, ಫೀಡಿನ ಹಲ್ಲು ಒಂದೊಂದನ್ನೂ ಉಜ್ಜಿ ಕೂಡಿಸಿದೆವು. ಸೂಜಿ, ದಾರದ ರೀಲು ನನ್ನ ಚೀಲದಲ್ಲಿದ್ದವು. ಮರುದಿನ ಸಂಜೆ ಅದು ಕಿರುಚುತ್ತಾ ಓಡಿತು. ಅವನಿಗೆ ಕನ್ನಡ ಬರುವುದಿಲ್ಲ, ನನಗೆ ತಮಿಳು ಬರುವುದಿಲ್ಲ. ಮೂವತ್ತಾರು, ಮೂವತ್ತೆಂಟು ಎಂಬುದನ್ನು ಟೇಪಿನ ಮೇಲೆ ಬೆರಳಿಟ್ಟು ತೋರಿಸಿದರೆ ಮುಗಿಯಿತು. ದಾನಕ್ಕೆ ಬಂದ ಬೆಡ್‌ಶೀಟುಗಳನ್ನು ಕತ್ತರಿಸಿ ಲಂಗ ಮಾಡಿದೆವು. ಒಬ್ಬ ಕತ್ತರಿಸುವುದು, ಒಬ್ಬ ಹೊಲಿಯುವುದು. ನಾಲ್ಕು ದಿನದಲ್ಲಿ 61. ಲಾಡಿ ತೀರಿದಾಗ ಆತ ಎಲ್ಲಿಂದಲೋ ಹರಿದ ಬಲೆಯ ನೈಲಾನ್ ಹುರಿ ತಂದ. ಅದನ್ನೇ ಏರಿಸಿದೆವು.

ಅಲ್ಲಿ ಕೇಳಿದ ಒಂದು ಸಂಗತಿ ಬರೆಯದೇ ಇರಲಾರೆ. ಆ ದಿನ ಗಂಡಸರಿಗಿಂತ ಹೆಂಗಸರು ಹೆಚ್ಚು ಸತ್ತಿದ್ದರು. ಗಂಡಸರಲ್ಲಿ ಎಷ್ಟೋ ಮಂದಿ ಬೋಟಿನಲ್ಲಿ ಆಳದಲ್ಲಿದ್ದರು. ಅಲೆ ಅಲ್ಲಿ ಬರೀ ಉಬ್ಬು, ಎದ್ದು ನಿಲ್ಲುವುದು ದಂಡೆ ಸಮೀಪಿಸಿದ ಮೇಲೆ. ದಂಡೆಯಲ್ಲಿ ಇದ್ದವರು ಮೀನಿಗೆ ಕಾಯುತ್ತಿದ್ದ ಹೆಂಗಸರು, ರಜೆಯ ಮಕ್ಕಳು. ಕಂಕುಳಲ್ಲಿ ಒಂದು ಕೂಸು, ಕೈಯಲ್ಲಿ ಒಂದು ಕೂಸು, ಮೈಗೆ ಸುತ್ತಿದ ಐದೂವರೆ ಮೀಟರ್ ಸೀರೆ, ಅದೂ ಒದ್ದೆ. ದಂಡೆಯ ಹಿಂದೆ ಮುಳ್ಳುಕಂಟಿ. ನಮ್ಮ ಕಡೆ ಬಳ್ಳಾರಿ ಜಾಲಿ ಅನ್ನುತ್ತೇವಲ್ಲ, ಅದೇ ಗಿಡ. ಸೆರಗು, ಕೂದಲು ಅದಕ್ಕೆ ಸಿಕ್ಕಿಕೊಂಡು ಬಿಡಿಸಿಕೊಳ್ಳಲಾಗದೆ ಹೋದವರು ಬಹಳ. ಉಟ್ಟದ್ದು ಕೊಚ್ಚಿಹೋಗಿ, ಮರೆಯಿಂದ ಹೊರಗೆ ಬರಲು ನಾಚಿ ಕೂತವರ ಮಾತನ್ನೂ ಡ್ರೈವರನೇ ನನಗೆ ಹೇಳಿದ್ದ. ಬಟ್ಟೆ ಮೈ ಮುಚ್ಚುತ್ತದೆ ಎಂದಷ್ಟೇ ನಂಬಿ ಹೊಲಿದವನಿಗೆ ಆ ವಾರ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಮುಂದಿನ ವರ್ಷ ಆ ದರ್ಜಿಯಿಂದ ಒಂದು ಪತ್ರ ಬಂತು, ತಮಿಳಿನಲ್ಲಿ. ಇಲ್ಲಿ ರೈಲ್ವೆ ಕಾಲೊನಿಯಲ್ಲಿ ತಮಿಳು ಮನೆಗಳಿವೆ. ನನ್ನ ಗಿರಾಕಿ ಅಮ್ಮ ಒಬ್ಬರಿಂದ ಓದಿಸಿದೆ. ಇನ್ನೂ ಡಾಂಬರು ಶೀಟಿನ ತಾತ್ಕಾಲಿಕ ಮನೆಯಲ್ಲೇ ಇದ್ದೇವೆ, ಮಧ್ಯಾಹ್ನ ಒಳಗೆ ಕೂರುವಂತಿಲ್ಲ ಎಂದು ಬರೆದಿದ್ದ. ಬೋಟು ಕೊಡುವವರು ಬಹಳ, ಮೊದಲು ಇದ್ದದ್ದಕ್ಕಿಂತ ಹೆಚ್ಚು ಬೋಟುಗಳಾಗಿವೆ, ಹಿಡಿಯುವ ಕೈ ಇಲ್ಲ. ಆದರೆ ಹೊಲಿಗೆ ಮಷೀನು, ಇಸ್ತ್ರಿ ಗಾಡಿ, ಮೀನು ಹೊತ್ತು ಮಾರುವವರ ಬುಟ್ಟಿ ಯಾರ ಪಟ್ಟಿಯಲ್ಲೂ ಇಲ್ಲ. ಬಟ್ಟೆ ಇನ್ನೂ ಬರುತ್ತಿದೆಯಾ ಎಂದು ನಾನು ಚೇಷ್ಟೆಗೆ ಕೇಳಿಸಿದ್ದೆ. ಅದಕ್ಕೆ ಉತ್ತರ, ಈಗ ಏನೂ ಬರುವುದಿಲ್ಲ, ಯಾರೂ ಬರುವುದಿಲ್ಲ.

ನಮ್ಮ ಕಡೆಯೂ ಇದೇ ಕಂಡೆ. 2009ರ ಸೆಪ್ಟೆಂಬರ್ ಕೊನೆಗೆ ಮಳೆ ಹಿಡಿದು ಮಲಪ್ರಭೆ ಉಕ್ಕಿದಾಗ, ಗದಗ ಜಿಲ್ಲೆಯ ರೋಣ ತಾಲ್ಲೂಕಿನ ನಮ್ಮ ಬೀಗರ ಊರಿನಲ್ಲಿ ಗುಡಿಯ ಅಟ್ಟದ ಮೇಲೆ ಜನ ಕೂತಿದ್ದರು. ಈ ಸಲ ಬಟ್ಟೆ ಒಯ್ಯಲಿಲ್ಲ. ಮೊದಲು ಬಸ್ಸು ಹತ್ತಿ ಹೋಗಿ ನಮ್ಮ ಬೀಗತಿಗೆ ‘ಏನ ಬೇಕವಾ?’ ಎಂದು ಕೇಳಿದೆ. ಆಕೆ ಒಂದೇ ಉಸಿರಿಗೆ ಹೇಳಿದಳು: ‘ಅನ್ನದ ಪೊಟ್ಟಣ ಸಾಕಾಗೇವ್ರಿ. ರೊಟ್ಟಿ ಬಡಿಯಾಕ ಒಂದು ಹಂಚು, ಒಂದು ಕೊಣಮಿಗಿ ತಂದುಕೊಡ್ರಿ. ಹಿಟ್ಟು ನಾವು ನೋಡ್ಕೋತೀವಿ.’ (ಕೊಣಮಿಗಿ ಎಂದರೆ ಹಿಟ್ಟು ನಾದುವ ಪಾತ್ರೆ.) ಹಂಚು! ಟಿವಿ ನೋಡಿ ಹುಬ್ಬಳ್ಳಿಯಲ್ಲಿ ಕೂತವನಿಗೆ ಅದು ಹೊಳೆಯುತ್ತದೆಯೇ? 30 ಹಂಚು, 30 ಕೊಣಮಿಗಿ ಒಯ್ದೆವು. ಒಂದೂ ರಸ್ತೆಯಲ್ಲಿ ಬೀಳಲಿಲ್ಲ.

ಸುನಾಮಿಯ ಪಾಠವನ್ನು ವಿಜ್ಞಾನಿಗಳು ಬೇಗ ಕಲಿತರು ಅನಿಸುತ್ತದೆ. 2007ರಲ್ಲೇ ಹೈದರಾಬಾದಿನಲ್ಲಿ ಎಚ್ಚರಿಕೆ ಕೇಂದ್ರ ಬಂತು. ಈಗ ಸಮುದ್ರದ ತಳದಲ್ಲಿ ನೀರಿನ ಒತ್ತಡ ಅಳೆಯುವ ಯಂತ್ರಗಳಿವೆ. ಭೂಮಿ ನಡುಗಿದ ಕೆಲವೇ ನಿಮಿಷದಲ್ಲಿ ಅಲೆ ಬರುತ್ತದೋ ಇಲ್ಲವೋ ಹೇಳುತ್ತಾರೆ. 2012ರ ಏಪ್ರಿಲ್‌ನಲ್ಲಿ ಅದೇ ಸುಮಾತ್ರದ ಬದಿಗೆ 8.6ರ ಕಂಪನವಾದಾಗ ಕರಾವಳಿಗೆ ಸುದ್ದಿ ಮುಟ್ಟಿತ್ತು, ದೊಡ್ಡ ಅಲೆ ಬರಲಿಲ್ಲ. ಕೊಡುವ ನಾವು ಮಾತ್ರ 2004ರಲ್ಲೇ ನಿಂತಿದ್ದೇವೆ. ಇನ್ನೂ ಮೈಕು, ಇನ್ನೂ ಗೋಣಿ ಗಂಟು.

ಮೊನ್ನೆ ಮೊಮ್ಮಗಳು ಮೊಬೈಲಿನಲ್ಲಿ ಜಪಾನಿನದೊಂದು ತೋರಿಸಿದಳು. 2011ರ ಮಾರ್ಚ್ 11ರ ಸುನಾಮಿಯಲ್ಲಿ ಓಟ್ಸುಚಿ ಎಂಬ ಸಣ್ಣ ಪಟ್ಟಣ ಕೊಚ್ಚಿಹೋಗಿ, ಮೇಯರ್ ಸಹಿತ 1,200ಕ್ಕೂ ಹೆಚ್ಚು ಜನ ಹೋದರಂತೆ. ಶಿಬಿರದಲ್ಲಿ ಸುಮ್ಮನೆ ಕೂತಿದ್ದ ಹೆಂಗಸರ ಕೈಗೆ ಸೂಜಿ ದಾರ ಕೊಟ್ಟರು. ಸಾಶಿಕೊ ಎನ್ನುವ ಅವರ ಹಳೇ ಹೊಲಿಗೆ. ಅದನ್ನು ಹಾಕಿದ್ದಕ್ಕೆ ಅವರಿಗೆ ದುಡ್ಡು. ಕನ್ನಡಕ ಏರಿಸಿ ನೋಡಿದೆ. ನಮ್ಮ ಕೌದಿಯ ಟಾಕಿಯೇ ಅದು! ಹರಿದ ಅರಿವಿ ಗಟ್ಟಿಯಾಗಲೆಂದು ಸಾಲು ಸಾಲು ಹಾಕುವ ಅದೇ ಓಡುಹೊಲಿಗೆ. ನಮ್ಮ ಅವ್ವ ಮಳೆಗಾಲದ ಮಧ್ಯಾಹ್ನಗಳಲ್ಲಿ ಪಡಸಾಲೆಯಲ್ಲಿ ಕಾಲು ಚಾಚಿ ಹಾಕುತ್ತಿದ್ದಳು. ಸೂಜಿ ಕೊಡಬೇಕೆಂದು ಹೊಳೆದದ್ದು ಯಾರಿಗೋ, ಅವರ ಕೈ ಮುಟ್ಟಬೇಕು ಅನಿಸಿತು.

ಸಂಪಾದಕರೇ, ನಿಮ್ಮಲ್ಲಿ ಒಂದು ಬಿನ್ನಹ. ಎಲ್ಲೇ ಆಪತ್ತು ಬಂದರೂ ಪತ್ರಿಕೆಗಳಲ್ಲಿ ‘ಉದಾರವಾಗಿ ನೆರವಾಗಿ’ ಎಂದು ಪೆಟ್ಟಿಗೆ ಕಟ್ಟಿ ಹಾಕುತ್ತೀರಿ. ಅದರ ಕೆಳಗೆ ಎರಡು ಸಾಲು ಸೇರಿಸಿ. ಆ ಊರವರು ಏನು ಬೇಕು ಅಂದರು, ಏನು ಬೇಡ ಅಂದರು. ನಿಮ್ಮ ವರದಿಗಾರರು ಹೇಗೂ ಅಲ್ಲಿ ಹೋಗಿ ಅಳುವವರ ಫೋಟೊ ತೆಗೆಯುತ್ತಾರೆ, ಹಾಗೇ ಇದನ್ನೂ ಕೇಳಿಕೊಂಡು ಬರಲಿ. ಇನ್ನೊಂದು, ಆರು ತಿಂಗಳು ಬಿಟ್ಟು ಮತ್ತೆ ಹೋಗಿ ಕೇಳಲಿ. ಆಗ ಪಟ್ಟಿ ಬೇರೆ ಇರುತ್ತದೆ.

ಟಾಟಾ ಏಸಿನ ಹುಡುಗರಿಗೆ ಇಷ್ಟೂ ಕಥೆ ಹೇಳಲಿಲ್ಲ, ಅವರಿಗೆ ಪುರಸೊತ್ತೂ ಇರಲಿಲ್ಲ. ‘ಮೊದಲ ಒಂದು ಊರು ಹಿಡೀರಿ, ಫೋನ್ ಹಚ್ಚಿ ಕೇಳ್ರಿ’ ಎಂದಷ್ಟೇ ಅಂದೆ. ಇಬ್ಬರು ನಕ್ಕರು. ಮೈಕು ಹಿಡಿದಿದ್ದವನು ಮಾತ್ರ ಮೂರನೇ ದಿನ ನಮ್ಮ ಮನೆಗೆ ಬಂದ. ಹಾವೇರಿ ಜಿಲ್ಲೆಯಲ್ಲಿ ವರದಾ ನದಿಯ ದಂಡೆಯ ಒಂದು ಹಳ್ಳಿ, ಅಲ್ಲಿನ ಮಾಸ್ತರರಿಗೆ ಫೋನ್ ಮಾಡಿದ್ದನಂತೆ. ‘ಅರಿವಿ ಬ್ಯಾಡ ಅಂದ್ರರಿ ಅಜ್ಜಾರ. 38 ಹುಡುಗರ ಯೂನಿಫಾರ್ಮು ನೀರು ಪಾಲಾಗ್ಯಾವಂತ’ ಎಂದು ಒಂದು ಚೀಟಿ ಕೊಟ್ಟ. ಮಾಸ್ತರರು ಒಬ್ಬೊಬ್ಬ ಹುಡುಗನ ಎದೆ, ತೋಳು, ಉದ್ದ ಅಳೆದು ಬರೆಸಿದ್ದಾರೆ. ಎರಡು ಕಡೆ ತೋಳಿನ ಅಳತೆ ತಪ್ಪಾಗಿದೆ, ಕೇಳಿ ಸರಿಮಾಡಿಕೊಂಡೆ.

ಅಂಗಡಿ ಮುಚ್ಚಿ ನಾಲ್ಕು ವರ್ಷವಾಯಿತು, ಮಷೀನು ಮನೆಯಲ್ಲಿದೆ. ಬಟ್ಟೆಯನ್ನು ಪೇಟೆಯ ಒಬ್ಬ ಹಳೇ ವ್ಯಾಪಾರಿ ಅಸಲಿಗೆ ಕೊಟ್ಟಿದ್ದಾನೆ. ಕತ್ತರಿಸಿದ್ದೂ ಆಗಿದೆ, 17 ಅಂಗಿ ಹೊಲಿದಿಟ್ಟಿದ್ದೇನೆ. ಕಾಜಾ ಹಾಕಲು ಮಾತ್ರ ಈಗ ನನ್ನ ಕಣ್ಣು ಸಾಲುವುದಿಲ್ಲ. ಕೈಕಾಜಾ ಬರುವವರು ಹುಬ್ಬಳ್ಳಿಯಲ್ಲಿ ಇನ್ನೂ ಯಾರಾದರೂ ಇದ್ದರೆ ಸಂಜೆ ನಾಲ್ಕರ ಮೇಲೆ ದುರ್ಗದ ಬೈಲಿಗೆ ಬಂದು ಹಳೇ ಸಿಂಪಿಗನ ಮನೆ ಎಂದು ಕೇಳಿ. ಗುಂಡಿ ನನ್ನ ಹತ್ತಿರ ಇವೆ.

– ಒಬ್ಬ ಹಳೇ ಸಿಂಪಿಗ, ಹುಬ್ಬಳ್ಳಿ